ಪ್ರಮಾಣಿಸಿ ನೋಡುವ ವೃತ್ತಿ

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ವಿಜ್ಞಾನದ ಪ್ರಯೋಗ ಪದ್ಧತಿಯ ಸಾರವೆಲ್ಲ ಈ ನಾಲ್ಕು ಮಾತುಗಳಲ್ಲಿ ಅಡಕವಾಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಇಂದು ಬೆಂಗಳೂರಿನಲ್ಲಿಯೂ ನಾಡಿನ ಇತರ ನಗರಗಳಲ್ಲಿಯೂ ಈ ಗಾದೆಯನ್ನೇ ಹೊಟ್ಟೆಪಾಡಿನ ಉದ್ಯೋಗವನ್ನಾಗಿ ಮಾಡಿಕೊಂಡ ತರುಣ ತರುಣಿಯರು ಅನೇಕರಿದ್ದಾರೆ. ಅವರಿಗೆ ಸಾಫ್ಟ್‌ವೇರ್ ಟೆಸ್ಟ್ ಆಟೊಮೇಷನ್ ಎಂಜಿನಿಯರ್ ಎಂದು ಹೆಸರು. ಇತರರು ಬರೆದ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುವುದೇ ಎಂಬುದನ್ನು ಪರೀಕ್ಷಿಸುವುದು, ಆ ಪರೀಕ್ಷೆಯನ್ನು ಯಂತ್ರವೇ ಮತ್ತೆ ಮತ್ತೆ ನಡೆಸುವಂತೆ ಏರ್ಪಡಿಸುವುದು, ಇದು ಅವರ ಕಾರ್ಯ.

ಈ ಉದ್ಯೋಗದ ವಿಷಯದಲ್ಲಿ ನಮ್ಮ ಕಾಲೇಜುಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬೇರೂರಿವೆ. ಪ್ರೋಗ್ರಾಂ ಬರೆಯಲು ಬಾರದವರು ಟೆಸ್ಟಿಂಗಿಗೆ ಹೋಗುತ್ತಾರೆ ಎಂಬುದು ಒಂದು. ಪರೀಕ್ಷೆಯನ್ನು ಯಂತ್ರವೇ ಮಾಡುವಾಗ ಮನುಷ್ಯನಿಗೇನು ಕೆಲಸ ಎಂಬುದು ಇನ್ನೊಂದು. ಇವೆರಡೂ ತಪ್ಪು ತಿಳಿವಳಿಕೆಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ತಪಾಸಣೆಯನ್ನು ಯಂತ್ರಕ್ಕೆ ಒಪ್ಪಿಸಬಹುದು, ಸಂದೇಹವನ್ನು ಒಪ್ಪಿಸಲಾಗದು. ಸಂದೇಹಪಡುವ ವಿದ್ಯೆಯನ್ನು ಕಲಿಸಬೇಕಾದ ನಮ್ಮ ಪ್ರಯೋಗಶಾಲೆಗಳೇ ಅದನ್ನು ಮರೆಸುತ್ತಿರುವುದು ಶೋಚನೀಯವಾದ ಸಂಗತಿ. ಭೌತವಿಜ್ಞಾನವನ್ನು ಬೋಧಿಸುವವನು ಸಾಫ್ಟ್‌ವೇರಿನ ವಿಚಾರಕ್ಕೆ ಕೈಹಾಕಿರುವುದೇಕೆ ಎಂದು ಓದುಗರು ಕೇಳಬಹುದು. ಇದೇ ಅದಕ್ಕೆ ಕಾರಣ.

ಮೊದಲು ಈ ಕೆಲಸದ ಸ್ವರೂಪವನ್ನು ನೋಡೋಣ. ಹಿಂದೆ ದೊಡ್ಡ ಪ್ರೋಗ್ರಾಮುಗಳನ್ನು ಕಟ್ಟಡ ಕಟ್ಟಿದಂತೆ ಹಂತ ಹಂತವಾಗಿ ರಚಿಸುವ ಪದ್ಧತಿ ಇತ್ತು. ಅಗತ್ಯಗಳ ಪಟ್ಟಿ, ಆಮೇಲೆ ನಕ್ಷೆ, ಆಮೇಲೆ ಬರವಣಿಗೆ, ಎಲ್ಲಕ್ಕೂ ಕೊನೆಯಲ್ಲಿ ಪರೀಕ್ಷೆ. ಪರೀಕ್ಷೆಯ ಸರದಿ ಬರುವ ವೇಳೆಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತಿದ್ದವು. ಆಗ ಕಂಡುಬಂದ ದೋಷವನ್ನು ತಿದ್ದುವುದು ತಳಪಾಯವನ್ನು ಅಗೆದು ತೆಗೆಯುವಷ್ಟೇ ಕಷ್ಟವಾಗುತ್ತಿತ್ತು. 2001ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ಪ್ರೋಗ್ರಾಂ ತಜ್ಞರು ಸೇರಿ ಒಂದು ಘೋಷಣೆಯನ್ನು ಹೊರಡಿಸಿದರು. ವಿಸ್ತಾರವಾದ ದಾಖಲೆಪತ್ರಗಳಿಗಿಂತ ಕೆಲಸ ಮಾಡುವ ಪ್ರೋಗ್ರಾಂ ಮುಖ್ಯ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ ಎಂಬುದು ಅದರ ತಿರುಳಿನ ಒಂದು ಭಾಗ. ಈ ಪದ್ಧತಿಗೆ ಅಜೈಲ್, ಅಂದರೆ ಚುರುಕಾದುದು, ಎಂಬ ಹೆಸರು ನಿಂತಿತು.

ಅಜೈಲ್ ತಂಡ ಚಿಕ್ಕದು. ಸಾಮಾನ್ಯವಾಗಿ ಹತ್ತು ಮಂದಿಯನ್ನು ಮೀರುವುದಿಲ್ಲ. ಕೆಲಸವನ್ನು ಸ್ಪ್ರಿಂಟ್ ಎಂಬ ಕಿರು ಅವಧಿಗಳಾಗಿ ವಿಂಗಡಿಸುತ್ತಾರೆ. ಎರಡು ವಾರಗಳ ಸ್ಪ್ರಿಂಟ್ ಬಹಳ ರೂಢಿಯಲ್ಲಿದೆ. ಪ್ರತಿದಿನವೂ ಹದಿನೈದು ನಿಮಿಷ ಎಲ್ಲರೂ ಸೇರಿ, ಆಗಿರುವುದೇನು, ಆಗಬೇಕಾದುದೇನು, ಅಡಚಣೆ ಯಾವುದು ಎಂಬುದನ್ನು ಮಾತನಾಡಿಕೊಳ್ಳುತ್ತಾರೆ. ಅವಧಿಯ ಕೊನೆಗೆ ಬಳಕೆಗೆ ಯೋಗ್ಯವಾದ ಒಂದು ಭಾಗ ಸಿದ್ಧವಾಗಿರಬೇಕು.

ಇಲ್ಲಿಯೇ ಸ್ವಯಂಚಾಲಿತ ಪರೀಕ್ಷೆಯ ಅವಶ್ಯಕತೆ ಹುಟ್ಟುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿ ಸ್ಪ್ರಿಂಟಿನಲ್ಲಿ 40 ಹೊಸ ಪರೀಕ್ಷೆಗಳು ಸೇರುತ್ತವೆ, ಒಂದೊಂದನ್ನು ಕೈಯಿಂದ ಮಾಡಲು 5 ನಿಮಿಷ ಬೇಕು ಎಂದು ಭಾವಿಸಿರಿ. ಹೊಸ ಭಾಗವನ್ನು ಸೇರಿಸುವಾಗ ಹಳೆಯ ಭಾಗ ಕೆಡುವ ಸಂಭವವಿರುವುದರಿಂದ ಹಳೆಯ ಪರೀಕ್ಷೆಗಳನ್ನೂ ಪುನಃ ಮಾಡಲೇಬೇಕು. 25 ಸ್ಪ್ರಿಂಟುಗಳಾಗುವ ಹೊತ್ತಿಗೆ, ಅಂದರೆ ಸುಮಾರು ಒಂದು ವರ್ಷದಲ್ಲಿ, ಪರೀಕ್ಷೆಗಳ ಸಂಖ್ಯೆ 1,000. ಬೇಕಾದ ಸಮಯ 5,000 ನಿಮಿಷ, ಎಂದರೆ 83 ಗಂಟೆಗಿಂತಲೂ ಹೆಚ್ಚು. ದಿನಕ್ಕೆ 8 ಗಂಟೆಯಂತೆ ಎರಡು ವಾರಗಳಲ್ಲಿ ಒಬ್ಬರಿಗೆ ದೊರೆಯುವುದು 80 ಗಂಟೆ ಮಾತ್ರ! ಹಳೆಯದನ್ನು ನೋಡುವುದರಲ್ಲಿಯೇ ಅವಧಿ ಮುಗಿದುಹೋಗುವುದು. ಹೊಸದನ್ನು ನೋಡುವವರು ಯಾರು?

ಆದಕಾರಣ ಪರೀಕ್ಷೆಯನ್ನೇ ಒಂದು ಪ್ರೋಗ್ರಾಮಾಗಿ ಬರೆಯುತ್ತಾರೆ. ಈ ಕೆಲಸಕ್ಕೆ ನೆರವಾಗುವ ಜೆಯುನಿಟ್ ಎಂಬ ಸಾಧನವನ್ನು 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬವರು ರಚಿಸಿದರು. ಮನುಷ್ಯನ ಬೆರಳಿನ ಬದಲು ತಾನೇ ವೆಬ್ ಪುಟದ ಗುಂಡಿಗಳನ್ನು ಒತ್ತಿ ನೋಡುವ ಸೆಲೆನಿಯಂ ಎಂಬ ಸಾಧನವನ್ನು 2004ರಲ್ಲಿ ಶಿಕಾಗೋ ನಗರದಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದರು. ರಸಾಯನವಿಜ್ಞಾನದ 34ನೆಯ ಮೂಲವಸ್ತುವಿನ ಹೆಸರೇ ಇದಕ್ಕೂ ಬಂದಿರುವುದನ್ನು ವಿದ್ಯಾರ್ಥಿಗಳು ಗಮನಿಸಬಹುದು. ತಂಡದಲ್ಲಿ ಯಾರಾದರೂ ಒಂದು ಸಾಲನ್ನು ತಿದ್ದಿದರೂ ಸಾಕು, ಸಾವಿರಾರು ಪರೀಕ್ಷೆಗಳು ತಾವಾಗಿ ಓಡುತ್ತವೆ. ಎಲ್ಲವೂ ಸರಿಯಾಗಿದ್ದರೆ ತೆರೆಯ ಮೇಲೆ ಹಸಿರು, ಒಂದು ತಪ್ಪಿದರೂ ಕೆಂಪು.

ಹಾಗಾದರೆ ಎಂಜಿನಿಯರಿನ ಕೆಲಸ ಪರೀಕ್ಷೆ ಬರೆದಲ್ಲಿಗೆ ಮುಗಿಯಿತೇ? ಇಲ್ಲ. ಅದು ಬರೆಯುವುದಕ್ಕೆ ಮೊದಲೇ ಆರಂಭವಾಗಿರುತ್ತದೆ. ಫೋನಿನ ಮೂಲಕ ಹಣ ಕಳುಹಿಸುವ ಸೌಲಭ್ಯವೊಂದನ್ನು ತಂಡವು ಈ ಸ್ಪ್ರಿಂಟಿನಲ್ಲಿ ರಚಿಸಬೇಕಾಗಿದೆ, ಒಂದು ಸಲಕ್ಕೆ 1,00,000 ರೂಪಾಯಿ ಮಿತಿ ಎಂದಿರಲಿ. ಪ್ರೋಗ್ರಾಂ ಬರೆಯುವವರ ಕಣ್ಣು ಸಹಜವಾಗಿ ರಾಜಮಾರ್ಗದ ಮೇಲಿರುತ್ತದೆ: ಹಣ ಹೋಗಬೇಕು, ಸೇರಬೇಕು. ಪರೀಕ್ಷಕರ ಕಣ್ಣು ರಸ್ತೆಯ ಅಂಚಿನ ಮೇಲಿರುತ್ತದೆ. ಸರಿಯಾಗಿ 1,00,000 ರೂಪಾಯಿ ಹೋಗಬಹುದೇ? ಅದಕ್ಕೆ ಒಂದು ಪೈಸೆ ಸೇರಿದರೆ? ಸೊನ್ನೆ ರೂಪಾಯಿ ಕಳುಹಿಸಿದರೆ? ಅವಸರದವರೊಬ್ಬರು ಗುಂಡಿಯನ್ನು ಎರಡು ಸಲ ಒತ್ತಿದರೆ ಹಣ ಎರಡು ಸಲ ಹೋಗುವುದೇ? ಒಂದು ಖಾತೆಯಿಂದ ಹೊರಟ ಹಣ ಇನ್ನೊಂದನ್ನು ಸೇರುವ ಮೊದಲೇ ಸಂಪರ್ಕ ಕಡಿದುಹೋದರೆ ಅದರ ಗತಿಯೇನು? ಈ ಪ್ರಶ್ನೆಗಳನ್ನು ಮೊದಲ ದಿನವೇ ತಂಡದ ಮುಂದೆ ಇಡುವುದು ಪರೀಕ್ಷಕರ ಕರ್ತವ್ಯ. ಎಷ್ಟೋ ದೋಷಗಳು ಒಂದು ಸಾಲು ಬರೆಯುವುದಕ್ಕೂ ಮೊದಲೇ ಇಂಥ ಪ್ರಶ್ನೆಯೊಂದರಿಂದಲೇ ನಿವಾರಣೆಯಾಗುತ್ತವೆ.

ಎಲ್ಲವನ್ನೂ ಪರೀಕ್ಷಿಸಿಬಿಟ್ಟರೆ ಪ್ರಶ್ನೆಗಳ ಗೊಡವೆಯೇ ಬೇಡವಲ್ಲ ಎಂದು ಕೆಲವರು ಹೇಳಬಹುದು. ಅದು ಸಾಧ್ಯವೇ ನೋಡೋಣ. ಎರಡು ಪೂರ್ಣಾಂಕಗಳನ್ನು ಕೂಡುವ ಒಂದು ಕಿರು ಪ್ರೋಗ್ರಾಂ ಇದೆ. ಒಂದೊಂದು ಸಂಖ್ಯೆಗೂ 32 ಬಿಟ್‌ಗಳ ಸ್ಥಳ. ಸಾಧ್ಯವಾದ ಜೋಡಿಗಳ ಸಂಖ್ಯೆ 2ರ 64ನೆಯ ಘಾತ. ಸೆಕೆಂಡಿಗೆ 100 ಕೋಟಿ ಜೋಡಿಗಳಂತೆ ಪರೀಕ್ಷಿಸುತ್ತ ಹೋದರೂ ಕೆಲಸ ಮುಗಿಯಲು ಸುಮಾರು 585 ವರ್ಷ ಬೇಕು. ಎರಡು ಸಂಖ್ಯೆಗಳ ಸಂಕಲನದ ಗತಿ ಇದಾದರೆ, ಬ್ಯಾಂಕಿನ ಅಥವಾ ಆಸ್ಪತ್ರೆಯ ಪ್ರೋಗ್ರಾಮಿನ ಗತಿಯನ್ನು ಊಹಿಸಿಕೊಳ್ಳಿ. ಪರೀಕ್ಷೆಯು ದೋಷ ಇದೆ ಎಂಬುದನ್ನು ತೋರಿಸಬಲ್ಲುದೇ ಹೊರತು ಇಲ್ಲ ಎಂಬುದನ್ನು ತೋರಿಸಲಾರದು ಎಂಬ ಅಭಿಪ್ರಾಯವನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನಕ್ಕೂ ಹಿಂದೆಯೇ ವ್ಯಕ್ತಪಡಿಸಿದ್ದರು. ವಿಜ್ಞಾನದ ಸಿದ್ಧಾಂತಗಳ ವಿಷಯದಲ್ಲಿ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದುದೂ ಇದಕ್ಕೆ ತೀರ ಸಮೀಪವಾದುದು. ಸಾವಿರ ಪ್ರಯೋಗಗಳು ಒಂದು ಸಿದ್ಧಾಂತಕ್ಕೆ ಅನುಕೂಲವಾಗಿ ಬಂದರೂ ಅದು ಸಿದ್ಧವಾದಂತಲ್ಲ. ಪ್ರತಿಕೂಲವಾದ ಒಂದೇ ಪ್ರಯೋಗ ಅದನ್ನು ಅಲುಗಾಡಿಸಬಲ್ಲುದು. ಆದ್ದರಿಂದ ಕೆಲವೇ ಪರೀಕ್ಷೆಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಯಾವುದನ್ನು ಆರಿಸಬೇಕು ಎಂಬ ವಿವೇಕವೇ ಈ ವೃತ್ತಿಯ ಜೀವಾಳ.

ಈ ವಿವೇಕ ತಪ್ಪಿದಾಗ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. 1996ನೆಯ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಬಾರಿಗೆ ಮೇಲೆದ್ದು, ಒಂದು ನಿಮಿಷ ತುಂಬುವುದರೊಳಗೆ ದಾರಿ ತಪ್ಪಿ ನಾಶವಾಯಿತು. ಅದರ ದಿಕ್ಕು ವೇಗಗಳನ್ನು ಅಳೆಯುವ ಉಪಕರಣದ ಪ್ರೋಗ್ರಾಮು ಹಿಂದಿನ ಏರಿಯಾನ್ 4ರಿಂದ ಬಂದುದು. ಸಮತಲ ವೇಗಕ್ಕೆ ಸಂಬಂಧಿಸಿದ ಒಂದು ರಾಶಿಯನ್ನು 64 ಬಿಟ್‌ಗಳ ರೂಪದಿಂದ 16 ಬಿಟ್‌ಗಳ ಪೂರ್ಣಾಂಕಕ್ಕೆ ಅದು ಪರಿವರ್ತಿಸುತ್ತಿತ್ತು. 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಏರಿಯಾನ್ 4ರಲ್ಲಿ ಆ ರಾಶಿ ಇದನ್ನು ಎಂದೂ ಮೀರಿರಲಿಲ್ಲ. ಏರಿಯಾನ್ 5ರ ಸಮತಲ ವೇಗ ಅದಕ್ಕಿಂತ ಐದು ಪಟ್ಟು ಶೀಘ್ರವಾಗಿ ಏರುವಂಥದು. ಸಂಖ್ಯೆ ಪಾತ್ರೆಯನ್ನು ಮೀರಿ ಉಕ್ಕಿತು. ಮುಖ್ಯ ಉಪಕರಣ ಕೆಟ್ಟರೆ ಇರಲೆಂದು ಇನ್ನೊಂದನ್ನು ಇಟ್ಟಿದ್ದರು. ಅದರಲ್ಲಿಯೂ ಇದ್ದುದು ಅದೇ ಪ್ರೋಗ್ರಾಮು. ಅದೂ ಅದೇ ಕಾರಣದಿಂದ ಸ್ತಬ್ಧವಾಯಿತು. ಹೊಸ ರಾಕೆಟ್ಟಿನ ಪಥದ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ನೆಲದ ಮೇಲೆಯೇ ಪರೀಕ್ಷಿಸಿದ್ದರೆ ದೋಷ ಹೊರಬೀಳುತ್ತಿತ್ತು ಎಂಬುದು ವಿಚಾರಣಾ ಮಂಡಲಿಯ ತೀರ್ಮಾನ. ಹಳೆಯದು ಸರಿಯಾಗಿದೆ ಎಂಬ ನಂಬಿಕೆ ಆ ಪರೀಕ್ಷೆಯನ್ನು ತಡೆಯಿತು.

ಎರಡನೆಯದು ತೀರ ಈಚಿನದು. 2024ನೆಯ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ಪ್ರೋಗ್ರಾಮಿಗೆ ಬಂದ ಒಂದು ಹೊಸ ಕಡತದಿಂದಾಗಿ ಪ್ರಪಂಚದಲ್ಲೆಲ್ಲ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಟ್ಟರು. ಇದರ ಕಾರಣ ಕುತೂಹಲಕರವಾದುದು. ಪ್ರೋಗ್ರಾಮಿನ ಒಂದು ಭಾಗ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ಇನ್ನೊಂದು ಭಾಗ 20ನ್ನು ಮಾತ್ರ ಒದಗಿಸುತ್ತಿತ್ತು. ಪರೀಕ್ಷೆಗಳು ಇರಲಿಲ್ಲವೇ? ಇದ್ದವು. ಆದರೆ ಆ ಪರೀಕ್ಷೆಗಳಲ್ಲಿ 21ನೆಯ ಅಂಶಕ್ಕೆ 'ಏನಿದ್ದರೂ ಸರಿ' ಎಂಬ ಸೂಚನೆಯನ್ನು ಕೊಟ್ಟಿದ್ದರು. ಆದ್ದರಿಂದ ಯಂತ್ರ ಅದರ ಕಡೆಗೆ ನೋಡಲೇ ಇಲ್ಲ, ಪರೀಕ್ಷೆಗಳು ತೇರ್ಗಡೆಯಾದವು. ಆ ದಿನ ಮೊದಲ ಬಾರಿಗೆ 21ನೆಯ ಅಂಶವನ್ನು ನಿಜವಾಗಿ ನೋಡಬೇಕಾದ ಕಡತ ಬಂದಿತು. ಇಲ್ಲದುದನ್ನು ಹುಡುಕಹೋದ ಪ್ರೋಗ್ರಾಮು ಸ್ಮೃತಿಯ ಎಲ್ಲೆಯನ್ನು ದಾಟಿ ಕುಸಿಯಿತು. ಯಂತ್ರ ತನಗೆ ಹೇಳಿದುದನ್ನು ಚಾಚೂ ತಪ್ಪದೆ ಮಾಡಿತ್ತು. ಆ 21ನೆಯದು ಏಕೆ ಏನಿದ್ದರೂ ಸರಿ ಎಂದು ಕೇಳುವುದು ಯಂತ್ರದ ಕೆಲಸವಲ್ಲ.

ಹಸಿರು ದೀಪವನ್ನು ಕುರುಡಾಗಿ ನಂಬುವುದು ಒಂದು ಅಪಾಯವಾದರೆ, ಕೆಂಪು ದೀಪವನ್ನು ಅಲಕ್ಷಿಸುವುದು ಇನ್ನೊಂದು. ಕೆಲವು ಪರೀಕ್ಷೆಗಳು ಚಂಚಲ ಸ್ವಭಾವದವು. ಪ್ರೋಗ್ರಾಮಿನಲ್ಲಿ ಏನೂ ಬದಲಾಗದಿದ್ದರೂ ಇಂದು ಹಸಿರು, ನಾಳೆ ಕೆಂಪು. ಜಾಲದ ನಿಧಾನ, ಎರಡು ಘಟನೆಗಳ ಹಿಂಚುಮುಂಚು ಮೊದಲಾದವು ಇದಕ್ಕೆ ಕಾರಣ. ಒಂದೊಂದು ಪರೀಕ್ಷೆಯೂ ಸಾವಿರಕ್ಕೊಮ್ಮೆ ಮಾತ್ರ ಹೀಗೆ ಸುಳ್ಳು ಹೇಳುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಇಟ್ಟುಕೊಳ್ಳಿ. ಅಂಥ 1,000 ಪರೀಕ್ಷೆಗಳನ್ನು ಒಟ್ಟಿಗೆ ಓಡಿಸಿದರೆ ಎಲ್ಲವೂ ಹಸಿರಾಗಿ ಬರುವ ಸಂಭವನೀಯತೆ 0.999ರ 1,000ನೆಯ ಘಾತ, ಎಂದರೆ ಸುಮಾರು 0.37. ದೋಷವೇ ಇಲ್ಲದಿದ್ದರೂ ನೂರರಲ್ಲಿ 63 ಸಲ ಕೆಂಪು ದೀಪ! 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತಿದೆ. ದಿನವೂ ಸುಳ್ಳು ಕೂಗನ್ನು ಕೇಳಿದ ತಂಡ ನಿಜವಾದ ತೋಳ ಬಂದ ದಿನ, 'ಮತ್ತೊಮ್ಮೆ ಓಡಿಸಿ, ಸರಿಹೋಗುತ್ತದೆ' ಎಂದು ಹೇಳಿ ಸುಮ್ಮನಾಗುವುದು. ಚಂಚಲ ಪರೀಕ್ಷೆಯ ಮೂಲವನ್ನು ಹುಡುಕಿ ಸರಿಪಡಿಸುವುದು ಬೇಸರದ ಕೆಲಸ. ಹೊಸ ಪರೀಕ್ಷೆ ಬರೆದಷ್ಟು ಮೆಚ್ಚುಗೆಯೂ ಅದಕ್ಕೆ ದೊರೆಯದು. ಆದರೂ ಅದನ್ನು ಬಿಡುವಂತಿಲ್ಲ. ತೂಕದ ಕಲ್ಲೇ ಸರಿಯಿಲ್ಲದ ಅಂಗಡಿಯಲ್ಲಿ ತಕ್ಕಡಿ ಎಷ್ಟು ಹೊಳೆದರೇನು?

ಇನ್ನು ನಮ್ಮ ಪ್ರಯೋಗಶಾಲೆಗೆ ಬರೋಣ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ಮಾಡುತ್ತಾನೆ. ಪುಸ್ತಕದಲ್ಲಿ 9.8 ಎಂದಿದೆ. ತನಗೆ 9.68 ಬಂದರೆ ವಿದ್ಯಾರ್ಥಿ ಮಾಡುವುದೇನು? ರೀಡಿಂಗುಗಳನ್ನು 'ಕುಕ್' ಮಾಡುತ್ತಾನೆ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನು ತುಂಬುತ್ತಾನೆ; ರೆಕಾರ್ಡು ಚೆನ್ನಾಗಿ ಕಾಣುತ್ತದೆ, ಅಂಕವೂ ಬರುತ್ತದೆ. ಕಳೆದುಹೋದುದೇನು ನೋಡಿ. ಬೆಂಗಳೂರಿನಲ್ಲಿ ಈ ರಾಶಿಯ ನಿಜವಾದ ಬೆಲೆ ಸುಮಾರು 9.78 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ. ಗುಂಡಿನ ಕೇಂದ್ರದವರೆಗೆ 100 ಸೆಂಟಿಮೀಟರ್ ಇರುವ ಲೋಲಕದ ಉದ್ದವನ್ನು ಗುಂಡಿನ ನೆತ್ತಿಯವರೆಗೆ ಮಾತ್ರ ಅಳೆದು, 1 ಸೆಂಟಿಮೀಟರ್ ತ್ರಿಜ್ಯವನ್ನು ಕೂಡಿಸುವುದನ್ನು ಮರೆತರೆ ಬರುವ ಉತ್ತರ ಸರಿಯಾಗಿ 9.68! ಆ 0.1ರ ವ್ಯತ್ಯಾಸ ಒಂದು ಸತ್ಯವನ್ನು ಹೇಳಲು ಬಾಗಿಲು ತಟ್ಟುತ್ತಿತ್ತು. ವಿದ್ಯಾರ್ಥಿ ಬಾಗಿಲನ್ನು ಮುಚ್ಚಿಬಿಟ್ಟನು.

ಇದೇ ವಿದ್ಯಾರ್ಥಿ ನಾಳೆ ಸಾಫ್ಟ್‌ವೇರ್ ಪರೀಕ್ಷಕನಾದರೆ, ಪ್ರೋಗ್ರಾಮು ಏನನ್ನು ಉತ್ತರವಾಗಿ ಕೊಡುವುದೋ ಅದನ್ನೇ ಸರಿಯುತ್ತರವೆಂದು ಪರೀಕ್ಷೆಯಲ್ಲಿ ಬರೆದಿಡುತ್ತಾನೆ. ಕೆಂಪು ಬಂದ ಕಡೆ ಪ್ರೋಗ್ರಾಮನ್ನು ತಿದ್ದಿಸುವ ಬದಲು ಪರೀಕ್ಷೆಯನ್ನೇ ತಿದ್ದಿ ಹಸಿರಾಗಿಸುತ್ತಾನೆ. ಇದು ರೀಡಿಂಗ್ 'ಕುಕ್' ಮಾಡುವುದರ ಇನ್ನೊಂದು ರೂಪವಲ್ಲದೆ ಬೇರೆಯಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು: ಕಾಲೇಜಿನಲ್ಲಿ ಇದರಿಂದ ಕೆಡುವುದು ಒಂದು ರೆಕಾರ್ಡು, ಹೊರಗೆ ಕೆಡುವುದು ಅಪರಿಚಿತರ ಹಣ, ಪ್ರಯಾಣ, ಕೆಲವೊಮ್ಮೆ ಪ್ರಾಣ. ದೋಷ ವಿದ್ಯಾರ್ಥಿಗಳದು ಮಾತ್ರವೆಂದು ನಾನು ಹೇಳುವುದಿಲ್ಲ. ಪುಸ್ತಕದ ಉತ್ತರಕ್ಕೆ ಅಂಕ ಕೊಡುವ ನಾವು, ಅಧ್ಯಾಪಕರು, ಈ ಚಾಳಿಗೆ ನೀರೆರೆಯುತ್ತಿದ್ದೇವೆ. ಬಂದ ಉತ್ತರವನ್ನು ಬಂದಂತೆಯೇ ಬರೆದು, ವ್ಯತ್ಯಾಸಕ್ಕೆ ಕಾರಣವನ್ನು ಶೋಧಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುವ ಪದ್ಧತಿ ಬರಬೇಕು. ಇದಕ್ಕೆ ಹೊಸ ಉಪಕರಣವಾಗಲಿ ಹೊಸ ಹಣವಾಗಲಿ ಬೇಕಿಲ್ಲ.

ಕೃತಕ ಬುದ್ಧಿಮತ್ತೆಯ ಯಂತ್ರಗಳು ಪ್ರೋಗ್ರಾಮನ್ನೂ ಅದರ ಪರೀಕ್ಷೆಗಳನ್ನೂ ತಾವೇ ಬರೆಯುತ್ತಿರುವ ಈ ಕಾಲದಲ್ಲಿ ಈ ವೃತ್ತಿ ಉಳಿಯುವುದೇ ಎಂದು ಕೇಳುವವರಿದ್ದಾರೆ. ಬರೆಯುವ ಶ್ರಮ ಕಡಿಮೆಯಾಗುವುದು ನಿಜ, ಅದನ್ನು ಸ್ವಾಗತಿಸೋಣ. ಆದರೆ ಪ್ರೋಗ್ರಾಮನ್ನು ನೋಡಿ ಅದರಿಂದಲೇ ಪರೀಕ್ಷೆಯನ್ನು ರಚಿಸುವ ಯಂತ್ರ, ಉತ್ತರವನ್ನು ನೋಡಿ ರೀಡಿಂಗ್ ಬರೆಯುವ ವಿದ್ಯಾರ್ಥಿಯ ಸ್ಥಾನದಲ್ಲಿಯೇ ನಿಂತಿದೆ. ಪ್ರೋಗ್ರಾಮು ಏನು ಮಾಡುತ್ತಿದೆ ಎಂಬುದು ಅದಕ್ಕೆ ಕಾಣುತ್ತದೆ. ಏನು ಮಾಡಬೇಕಾಗಿತ್ತು ಎಂಬುದು ಅದನ್ನು ಬಳಸುವ ಜನರ ಬದುಕಿನಲ್ಲಿದೆ. ಬರವಣಿಗೆ ಸುಲಭವಾದಷ್ಟೂ ಬರೆದುದನ್ನು ಪ್ರಮಾಣಿಸಿ ನೋಡುವವರ ಹೊಣೆ ಹೆಚ್ಚುವುದೇ ಹೊರತು ಕಡಿಮೆಯಾಗದು.

ಈ ವೃತ್ತಿಗೆ ಹೋಗಬಯಸುವ ವಿದ್ಯಾರ್ಥಿ ಮಿತ್ರರಿಗೆ ಎರಡು ಮಾತು. ಸಾಧನಗಳ ಹೆಸರುಗಳನ್ನು ಕಂಠಪಾಠ ಮಾಡುವುದರಲ್ಲಿ ಕಾಲ ಕಳೆಯಬೇಡಿ. ಅವು ಬದಲಾಗುತ್ತಲೇ ಇರುತ್ತವೆ. ಪ್ರೋಗ್ರಾಂ ಭಾಷೆಯೊಂದನ್ನು ಚೆನ್ನಾಗಿ ಕಲಿಯಿರಿ, ಏಕೆಂದರೆ ಪರೀಕ್ಷೆಯೂ ಪ್ರೋಗ್ರಾಮೇ. ಕಂಡ ದೋಷವನ್ನು, ಇನ್ನೊಬ್ಬರು ಓದಿ ಅದೇ ದೋಷವನ್ನು ತಾವೂ ಕಾಣಬಲ್ಲಂತೆ, ನಾಲ್ಕು ಸಾಲುಗಳಲ್ಲಿ ಸ್ಪಷ್ಟವಾಗಿ ಬರೆಯುವುದನ್ನು ರೂಢಿಸಿಕೊಳ್ಳಿ. ಇದಕ್ಕಿಂತ ಕಷ್ಟವಾದ ಇನ್ನೊಂದು ಅಭ್ಯಾಸವೂ ಬೇಕು. ಸ್ಪ್ರಿಂಟಿನ ಹತ್ತು ದಿನಗಳಲ್ಲಿ ಒಂಬತ್ತನೆಯ ದಿನ ಸಂಜೆ, ಎಲ್ಲರೂ ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುವಾಗ, 'ಇದು ಇನ್ನೂ ಸಿದ್ಧವಾಗಿಲ್ಲ' ಎಂದು ಹೇಳಬೇಕಾದ ಪ್ರಸಂಗ ನಿಮಗೆ ಬರುತ್ತದೆ. ಹಾಗೆ ಹೇಳುವವರನ್ನು ಆ ಕ್ಷಣದಲ್ಲಿ ಯಾರೂ ಮೆಚ್ಚುವುದಿಲ್ಲ. ಮಾತಿನಲ್ಲಿ ಸೌಜನ್ಯವಿರಲಿ, ಕೈಯಲ್ಲಿ ಪ್ರಮಾಣವಿರಲಿ. ಆದರೆ ಹೇಳದೆ ಇರಬೇಡಿ.

ಆ ಧೈರ್ಯ ಕಚೇರಿಗೆ ಹೋದ ದಿನ ಹುಟ್ಟುವುದಿಲ್ಲ. ಲೋಲಕದ ಮುಂದೆ ನಿಂತು, ಪುಸ್ತಕ 9.8 ಎಂದರೂ ನನಗೆ ಬಂದುದು 9.68 ಎಂದು ಬರೆಯುವ ವಿದ್ಯಾರ್ಥಿಯಲ್ಲಿ ಅದು ಮೊಳೆಯುತ್ತದೆ. ಆ ಅಂಕಿಯನ್ನು ಅಳಿಸಬೇಡಿ.